ನಾಯಕನಲ್ಲಿ ಬೇಕಾದ ಗುಣಗಳನ್ನು ದಾಖಲೆ ನೋಡಿ ಅಳೆಯುವುದು ಹೇಗೆ?

ಓದುಕಟ್ಟೆ

ಮೊದಲ ಸಲ ಲೋಕಸಭೆಗೆ ಮತ ಹಾಕುವವರಿಗಾಗಿ ಒಂದೇ ಹಾಳೆಯ ಕೈಪಿಡಿ ಮಾಡುತ್ತಿದ್ದೇವೆ. ದೇಶ ನಡೆಸುವವರಲ್ಲಿ ಯಾವ ಗುಣ ಇರಬೇಕು ಅಂತ ಕೇಳಿದರೆ ಉತ್ತರಕ್ಕೆ ಬರವಿಲ್ಲ. ಕೈ ಶುದ್ಧ ಇರಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಕೆಲಸ ಗೊತ್ತಿರಬೇಕು, ಎಲ್ಲ ರಾಜ್ಯಗಳನ್ನೂ ಜೊತೆಗೆ ಕರೆದೊಯ್ಯಬೇಕು, ತಪ್ಪಾದರೆ ಹೊಣೆ ಹೊರಬೇಕು. ಇಷ್ಟನ್ನೇ ಅಚ್ಚು ಹಾಕಿದರೆ ಶಾಲೆ ಗೋಡೆಯ ನುಡಿಮುತ್ತಿನ ಹಾಗಾಗುತ್ತದೆ, ಓದಿ ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಭಾಷಣ, ರೀಲ್ಸ್, ಜಾಹೀರಾತು ಬಿಟ್ಟು, ಸಾಮಾನ್ಯ ಮತದಾರ ಫೋನಿನಲ್ಲೇ ತೆರೆದು ನೋಡಬಹುದಾದ ಯಾವ ದಾಖಲೆಯಲ್ಲಿ ಯಾವ ಗುಣ ಕಾಣುತ್ತದೆ? ಓದುವಾಗ ಎಲ್ಲಿ ಎಡವುತ್ತೇವೆ? ಯಾವ ಪಕ್ಷ ಒಳ್ಳೆಯದು ಎಂಬ ಚರ್ಚೆ ದಯವಿಟ್ಟು ಬೇಡ, ಅದಕ್ಕೆ ಬೇರೆ ಎಳೆಗಳು ಧಾರಾಳವಾಗಿವೆ.

ಕಡತದ ಹುಳು

'ಕೈ ಶುದ್ಧ' ಎಂಬುದಕ್ಕೆ ಮೊದಲು ತೆರೆಯಬೇಕಾದ್ದು ನಮೂನೆ 26, ಅಂದರೆ ನಾಮಪತ್ರದ ಜೊತೆ ಕೊಡುವ ಅಫಿಡವಿಟ್. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದ ವ್ಯವಸ್ಥೆ ಇದು. ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ ಸ್ಕ್ಯಾನ್ ಪ್ರತಿ ಸಿಗುತ್ತದೆ. 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್‌ನಲ್ಲೂ ನೋಡಬಹುದು.

ಹೆಚ್ಚಿನವರು ಕೊನೆಯಲ್ಲಿರುವ ಭಾಗ ಬಿ, ಅಂದರೆ ಸಾರಾಂಶ ಮಾತ್ರ ನೋಡುತ್ತಾರೆ. ಪತ್ರಿಕೆಗಳ 'ಐದು ವರ್ಷದಲ್ಲಿ ಆಸ್ತಿ ಮೂರು ಪಟ್ಟು' ಎಂಬ ತಲೆಬರಹ ಹುಟ್ಟುವುದೂ ಅಲ್ಲೇ. ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅಜ್ಜನ ಕಾಲದ ನಾಲ್ಕು ಎಕರೆ ಬೆಂಗಳೂರಿನ ಸೆರಗಿಗೆ ಬಂದರೆ ಮಾಲೀಕ ಬೆರಳು ಅಲ್ಲಾಡಿಸದೆಯೇ ಬೆಲೆ ಮೂರು ಪಟ್ಟಾಗುತ್ತದೆ. ಭಾಗ ಎ ತೆರೆಯಿರಿ. ಸ್ಥಿರಾಸ್ತಿಯ ಪಟ್ಟಿಯಲ್ಲಿ ಪ್ರತಿ ಆಸ್ತಿಗೂ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಅಲ್ಲವೋ, ಕೊಂಡ ದಿನಾಂಕ, ಕೊಂಡಾಗಿನ ಬೆಲೆ, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಎಂಬ ಕಲಂಗಳಿವೆ. ನಮಗೆ ಬೇಕಾದ್ದು ಕೊಂಡ ದಿನಾಂಕ ಮತ್ತು ಕೊಂಡಾಗಿನ ಬೆಲೆ.

ಹಿಂದಿನ ಚುನಾವಣೆಯ ಅಫಿಡವಿಟ್ ಮತ್ತು ಈಗಿನದನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಹಿಂದೆ ಇಲ್ಲದೆ ಈಗ ಇರುವ ಆಸ್ತಿಗಳನ್ನು ಮಾತ್ರ ಗುರುತು ಹಾಕಿ, ಅವುಗಳ ಖರೀದಿ ಬೆಲೆ ಕೂಡಿಸಿ. ಇನ್ನೊಂದು ಕಡೆ, ಅಭ್ಯರ್ಥಿ, ಸಂಗಾತಿ ಮತ್ತು ಅವಲಂಬಿತರ ಐದು ವರ್ಷದ ಆದಾಯ ತೆರಿಗೆ ವಿವರ ಕೂಡಿಸಿ (ಐದು ವರ್ಷದ್ದೂ ಕೊಡಲೇಬೇಕು). ಕಲ್ಪಿತ ಲೆಕ್ಕ ನೋಡಿ: ಘೋಷಿತ ಆದಾಯ ಐದು ವರ್ಷಕ್ಕೆ 60 ಲಕ್ಷ, ಹೊಸ ನಿವೇಶನದ ಖರೀದಿ ಬೆಲೆ 1 ಕೋಟಿ 80 ಲಕ್ಷ, ಸಾಲ ಏರಿದ್ದು 20 ಲಕ್ಷ. ಹಳೆ ಆಸ್ತಿ ಯಾವುದೂ ಮಾರಿಲ್ಲ, ಬ್ಯಾಂಕಿನ ಠೇವಣಿಯೂ ಕರಗಿಲ್ಲ. ಮನೆಖರ್ಚು ಸೊನ್ನೆ ಅಂದುಕೊಂಡರೂ 1 ಕೋಟಿ ಎಲ್ಲಿಂದ ಬಂತು? ಪ್ರಚಾರಕ್ಕೆ ಬಂದವರನ್ನು ಕೇಳಬೇಕಾದ ಪ್ರಶ್ನೆ ಇದು.

ಕೇಳುವ ಮೊದಲು ಒಂದು ಎಚ್ಚರ. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಅದು ತೆರಿಗೆಯ ಒಟ್ಟು ಆದಾಯದಲ್ಲಿ ಕಾಣದಿರಬಹುದು. 'ಆದಾಯದ ಮೂಲ' ಎಂಬ ಕಲಂ ಬೇರೆಯೇ ಇದೆ. ಅಲ್ಲಿ ಕೃಷಿ ಅಂತ ಬರೆದಿದ್ದರೆ, ಜಮೀನಿನ ಪಟ್ಟಿಗೆ ಹೋಗಿ ಎಷ್ಟು ಎಕರೆ ಇದೆ ನೋಡಿ. ಎರಡು ಎಕರೆ ಖುಷ್ಕಿಯಲ್ಲಿ ಕೋಟಿ ಬೆಳೆಯುವುದಿಲ್ಲ ಅಂತ ನಮ್ಮ ಜನಕ್ಕೆ ಹೇಳಿಕೊಡಬೇಕಿಲ್ಲ. ಕರ್ನಾಟಕದ ಜಮೀನಾದರೆ ಸರ್ವೆ ನಂಬರ್ ಹಿಡಿದು ಭೂಮಿ ಜಾಲತಾಣದಲ್ಲಿ ಪಹಣಿಯನ್ನೂ ನೋಡಬಹುದು.

ಇನ್ನು ಕ್ರಿಮಿನಲ್ ಪ್ರಕರಣ. ಸಂಖ್ಯೆ ಎಣಿಸಬೇಡಿ. ರಸ್ತೆ ತಡೆ ನಡೆಸಿದ ಹೋರಾಟಗಾರನ ಮೇಲೆ ಹದಿನೈದು ಕೇಸ್ ಇರಬಹುದು, ವಂಚನೆ ಮಾಡಿದವನ ಮೇಲೆ ಒಂದೇ ಇರಬಹುದು. ಎರಡು ಕಲಂ ಮುಖ್ಯ: ಯಾವ ಸೆಕ್ಷನ್, ಮತ್ತು ನ್ಯಾಯಾಲಯ ಆರೋಪ ನಿಗದಿ ಮಾಡಿದೆಯೇ. ಎಫ್‌ಐಆರ್ ದೂರಿನ ಮೇಲೆ ಆಗುತ್ತದೆ. ಆರೋಪ ನಿಗದಿಗೆ ನ್ಯಾಯಾಧೀಶರು ಕಾಗದ ನೋಡಿರುತ್ತಾರೆ. ಎರಡಕ್ಕೂ ಒಂದೇ ತೂಕ ಕೊಡಬಾರದು.

ಕೊನೆಗೆ ಅಫಿಡವಿಟ್‌ನ ಮಿತಿ. ಖಾಲಿ ಬಿಟ್ಟ ಕಲಂ ತುಂಬಲು ಹೇಳಿದರೂ ತುಂಬದಿದ್ದರೆ ಚುನಾವಣಾಧಿಕಾರಿ ನಾಮಪತ್ರ ತಿರಸ್ಕರಿಸಬಹುದು (2013ರ ತೀರ್ಪು). ಆದರೆ ತುಂಬಿದ್ದು ನಿಜವೋ ಸುಳ್ಳೋ ಎಂದು ನಾಮಪತ್ರ ಪರಿಶೀಲನೆಯ ದಿನ ಯಾರೂ ತನಿಖೆ ಮಾಡುವುದಿಲ್ಲ. ಸುಳ್ಳಿಗೆ ಜನಪ್ರತಿನಿಧಿ ಕಾಯ್ದೆಯ 125ಎ ಪ್ರಕಾರ ಗರಿಷ್ಠ ಆರು ತಿಂಗಳ ಸಜೆ, ಅದೂ ಆಮೇಲಿನ ಮಾತು. ಅಫಿಡವಿಟ್ ಅಂದರೆ ಅಭ್ಯರ್ಥಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು, ಅಷ್ಟೇ ತೂಕ ಕೊಡಿ.

ಮೂರನೇ ಸಾಲು

ಹುಳು ಅವರು ಬರೆದದ್ದಕ್ಕೆ ಒಂದು ಸೇರ್ಪಡೆ, ಏಕೆಂದರೆ ಪ್ರಶ್ನೆ ಇರುವುದು ರಾಷ್ಟ್ರ ನಾಯಕರ ಬಗ್ಗೆ. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ ಪಕ್ಷ 48 ಗಂಟೆಯೊಳಗೆ ಕಾರಣ ಪ್ರಕಟಿಸಬೇಕು ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಇದಕ್ಕೆ ಸಿ-7 ಎಂಬ ನಮೂನೆ ಇದೆ. ಪತ್ರಿಕೆಯಲ್ಲೂ ಪಕ್ಷದ ಜಾಲತಾಣದಲ್ಲೂ ಬರಬೇಕು. ಪ್ರಕರಣ ಇಲ್ಲದ ಇನ್ನೊಬ್ಬರು ಯಾಕೆ ಸಿಗಲಿಲ್ಲ ಅಂತಲೂ ಹೇಳಬೇಕು, 'ಗೆಲ್ಲುವ ಸಾಮರ್ಥ್ಯ ಇದೆ' ಎಂಬುದೊಂದೇ ಕಾರಣ ಸಾಲದು. ಟಿಕೆಟ್ ಹಂಚುವವರು ರಾಷ್ಟ್ರ ನಾಯಕರೇ ತಾನೆ? ಒಂದು ಪಕ್ಷದ ಹತ್ತು ಸಿ-7 ತೆಗೆದು ಓದಿ. 'ಜನಪ್ರಿಯ ಸಮಾಜ ಸೇವಕ, ಪ್ರಕರಣ ರಾಜಕೀಯ ಪ್ರೇರಿತ' ಎಂಬ ಒಂದೇ ವಾಕ್ಯ ಹತ್ತರಲ್ಲೂ ಇದ್ದರೆ, ಆ ನಾಯಕ ಆದೇಶವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾನೆ ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಸಂಸತ್ತಿನ ವಿಷಯಕ್ಕೆ ಬರುತ್ತೇನೆ. ಹಾಜರಾತಿ, ಪ್ರಶ್ನೆ, ಚರ್ಚೆಯ ಅಂಕಿಗಳು ಪಿಆರ್‌ಎಸ್ ಎಂಬ ಸಂಸತ್ ಅಧ್ಯಯನ ಸಂಸ್ಥೆಯ ತಾಣದಲ್ಲಿ ಸಂಸದರ ಹೆಸರಿನ ಮೇಲೆ ಸಿಗುತ್ತವೆ. ಚುನಾವಣೆ ಹತ್ತಿರ ಬಂದಾಗ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ 'ಇವರ ಪ್ರಶ್ನೆ ಸೊನ್ನೆ' ಚಿತ್ರಗಳು ಅಲ್ಲಿಂದ ಎತ್ತಿದವು. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ, ಉತ್ತರ ಕೊಡುವವರೇ ಅವರು. ಹಾಗಾಗಿ ಮಂತ್ರಿಯ ಸೊನ್ನೆ ಸೊನ್ನೆಯಲ್ಲ. ಇನ್ನು ಸಾಮಾನ್ಯ ಸದಸ್ಯರ 95% ಹಾಜರಾತಿ ಅಂದರೂ ಆ ದಿನ ಸಹಿ ಬಿದ್ದಿದೆ ಅಂತಷ್ಟೇ. ಸಹಿ ಹಾಕಿ ಹತ್ತು ನಿಮಿಷಕ್ಕೆ ಎದ್ದು ಹೋದರೂ ಪುಸ್ತಕದಲ್ಲಿ ಹಾಜರು.

ಪ್ರಶ್ನೆಗಳ ಸಂಖ್ಯೆಯೂ ಮೋಸ ಮಾಡುತ್ತದೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆ ಗುರುತಿಲ್ಲದವು 230. ಮೊದಲನೆಯದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗೆ ಅವಕಾಶ ಇರುತ್ತದೆ. ಎರಡನೆಯದಕ್ಕೆ ಬರೀ ಲಿಖಿತ ಉತ್ತರ. ಯಾರ ಪ್ರಶ್ನೆ ಬರುತ್ತದೆ ಎಂಬುದು ಚೀಟಿ ಎತ್ತಿದ ಅದೃಷ್ಟ. ಆದ್ದರಿಂದ ಎಣಿಸುವ ಬದಲು ಐದಾರು ಪ್ರಶ್ನೆ ತೆರೆದು ಓದಿ. 'ಸರ್ಕಾರವು ರೈತರ ಕಲ್ಯಾಣಕ್ಕೆ ಕೈಗೊಂಡ ಕ್ರಮಗಳೇನು' ಎಂಬ ಪ್ರಶ್ನೆ ಯಾರು ಬೇಕಾದರೂ ಕೇಳಬಹುದು, ಮಂತ್ರಿಗೂ ಅದು ಹಬ್ಬ. ಜಿಲ್ಲಾವಾರು ಅಂಕಿ ಕೇಳಿ, ಮುಂದಿನ ಅಧಿವೇಶನದಲ್ಲಿ ಅದೇ ವಿಷಯ ಮತ್ತೆ ಹಿಡಿದಿದ್ದರೆ ಆ ಮನುಷ್ಯ ಕೆಲಸ ಕಲಿತಿದ್ದಾನೆ.

ಖಾಸಗಿ ಮಸೂದೆ (ಮಂತ್ರಿಯಲ್ಲದ ಸದಸ್ಯರು ತರುವುದು) ಮಂಡಿಸಿದ್ದರು, ಪಾಸಾಗಲಿಲ್ಲ ಅಂತ ದೂರುವವರಿದ್ದಾರೆ. ಸ್ವಾತಂತ್ರ್ಯ ಬಂದಾಗಿನಿಂದ ಕಾಯ್ದೆಯಾದ ಖಾಸಗಿ ಮಸೂದೆಗಳು ಬರೀ 14, ಕೊನೆಯದು 1970ರಲ್ಲಿ. ಇದನ್ನು ಸೋಲು ಅಂತ ಎಣಿಸಬಾರದು.

ಮತ ಹಾಕಿದ ದಾಖಲೆ ನೋಡೋಣ ಅಂದರೆ ಅಲ್ಲೂ ತೊಡಕು. ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ, ಯಾರು ಏನೆಂದರು ಎಂಬುದು ದಾಖಲಾಗುವುದು ಮತ ವಿಭಜನೆ ಆದಾಗ ಮಾತ್ರ. ಅಲ್ಲೂ 1985ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವಕ್ಕೇ ಕುತ್ತು.

ಸ್ವಂತ ಬುದ್ಧಿ ನೋಡಬೇಕಾದರೆ ಇಲಾಖೆಗಳ ಮಸೂದೆ, ಬಜೆಟ್ ಪರಿಶೀಲಿಸುವ ಸಂಸದರ ಸ್ಥಾಯಿ ಸಮಿತಿ ಹಿಡಿಯಿರಿ. ಇಲಾಖಾವಾರು ಸಮಿತಿಗಳು 24. ಒಂದೊಂದರಲ್ಲಿ 31 ಜನ: ಲೋಕಸಭೆಯವರು 21, ರಾಜ್ಯಸಭೆಯವರು 10. ಕ್ಯಾಮೆರಾ ಇಲ್ಲ, ಹಾಗಾಗಿ ನಾಟಕವೂ ಕಡಿಮೆ. ವರದಿಯ ಪಿಡಿಎಫ್ ತೆರೆದು ಕೊನೆಯ ಅನುಬಂಧಕ್ಕೆ ಹೋದರೆ ಪ್ರತಿ ಸಭೆಯ ನಡಾವಳಿ, ಬಂದವರ ಹೆಸರು ಇರುತ್ತದೆ. ಭಿನ್ನಮತದ ಟಿಪ್ಪಣಿ ಇದ್ದರೆ ಅದೂ ಅಲ್ಲೇ. ಸದನದಲ್ಲಿ ಗುಡುಗುವವರು ಇಲ್ಲಿ ಎಷ್ಟು ಸಭೆಗೆ ಬಂದಿದ್ದಾರೆ ಎಂದು ನೋಡುವುದು ಅರ್ಧ ಗಂಟೆಯ ಕೆಲಸ, ಫಲ ಮಾತ್ರ ಹಲವು ಸಲ ಆಶ್ಚರ್ಯಕರ.

ಖರ್ಚುವೆಚ್ಚ

'ಕೊಟ್ಟ ಮಾತು' ಎಂಬುದಕ್ಕೆ ನನ್ನ ಎರಡು ಮಾತು.

ಪ್ರಣಾಳಿಕೆಯ ಮಾತು ಮೊದಲು ಬಜೆಟ್ ಸಾಲಾಗಬೇಕು, ಆಮೇಲೆ ಖರ್ಚಾಗಬೇಕು. ಕೇಂದ್ರ ಬಜೆಟ್‌ನಲ್ಲಿ ಒಂದೇ ಯೋಜನೆಗೆ ಮೂರು ಅಂಕಿ ಇರುತ್ತವೆ: ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವಿಕ ವೆಚ್ಚ. ಈ ಮೂರೂ ಒಂದೇ ವರ್ಷದ ಪುಸ್ತಕದಲ್ಲಿ ಸಿಗುವುದಿಲ್ಲ. 2022-23ರ ಅಂದಾಜು 2022ರ ಫೆಬ್ರವರಿಯ ಪುಸ್ತಕದಲ್ಲಿ, ಪರಿಷ್ಕೃತ ಅಂಕಿ 2023ರದ್ದರಲ್ಲಿ, ನಿಜವಾಗಿ ಖರ್ಚಾದದ್ದು 2024ರದ್ದರಲ್ಲಿ. ತಲೆಬರಹ ಆಗುವುದು ಮೊದಲನೆಯದು ಮಾತ್ರ. ಮೂರು ವರ್ಷದ ವೆಚ್ಚ ಪುಸ್ತಕಗಳನ್ನು ತೆರೆದಿಟ್ಟು ಅದೇ ಯೋಜನೆಯ ಸಾಲು ಹುಡುಕಿ. ಮೊದಲ ಅಂಕಿಗೂ ಮೂರನೆಯದಕ್ಕೂ ಸತತ ಮೂರ್ನಾಲ್ಕು ವರ್ಷ ಭಾರೀ ಅಂತರ ಇದ್ದರೆ ಮಾತೇ ಹೆಚ್ಚು, ಕೆಲಸ ಕಡಿಮೆ ಅಂತ ಅನುಮಾನಿಸಬಹುದು.

ಎಡವುವುದು ಎರಡು ಕಡೆ. ಹಳೆ ಯೋಜನೆಗಳನ್ನು ಕೂಡಿಸಿ ಹೊಸ ಹೆಸರಿಟ್ಟಾಗ ಸಾಲು ತುಂಡಾಗುತ್ತದೆ. ಒಂದು ಸೊನ್ನೆಗಿಳಿದಿದೆ, ಇನ್ನೊಂದು ಇದ್ದಕ್ಕಿದ್ದಂತೆ ಹುಟ್ಟಿದೆ ಅಂದರೆ ಅಡಿಟಿಪ್ಪಣಿ ಓದಿ. ಇನ್ನೊಂದು, ಅಂದಾಜು ಮೀರಿದ ಖರ್ಚೆಲ್ಲ ದುಂದು ಅಲ್ಲ. ನರೇಗಾಕ್ಕೆ 2020-21ರಲ್ಲಿ ಅಂದಾಜು 61,500 ಕೋಟಿ ರೂಪಾಯಿ ಇದ್ದದ್ದು ಪರಿಷ್ಕರಣೆಯಲ್ಲಿ 1,11,500 ಕೋಟಿಗೆ ಏರಿತು. ಕೋವಿಡ್ ವರ್ಷ, ಊರಿಗೆ ಮರಳಿದವರು ಕೆಲಸ ಕೇಳಿದರು, ಕೇಳಿದವರಿಗೆ ಕೊಡಲೇಬೇಕಾದ ಯೋಜನೆ ಅದು.

ಬಜೆಟ್ ಬೇಡ ಅನ್ನುವವರಿಗೆ ಸುಲಭದ ದಾರಿ ಸಂಸತ್ತಿನ ಭರವಸೆಗಳ ಸಮಿತಿ. ಮಂತ್ರಿ ಸದನದಲ್ಲಿ 'ಪರಿಶೀಲಿಸಲಾಗುತ್ತಿದೆ', 'ಮಾಹಿತಿ ಸಂಗ್ರಹಿಸಿ ಮಂಡಿಸಲಾಗುವುದು' ಅಂದರೆ ಅದು ದಾಖಲಾದ ಭರವಸೆ, ಮೂರು ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಕಾಲಾವಕಾಶ ಕೇಳಬೇಕು, ಇಲ್ಲವೇ ಕೈಬಿಡಿ ಅಂತ ಸಮಿತಿಗೆ ಬರೆಯಬೇಕು. ಯಾವ ಇಲಾಖೆಯದು ಎಷ್ಟು ವರ್ಷದಿಂದ ಬಾಕಿ ಎಂಬುದು ಸಮಿತಿಯ ವರದಿಗಳಲ್ಲಿದೆ. ಬೀದಿಯ ಭಾಷಣದ ಭರವಸೆಗಿಂತ ಇದು ಗಟ್ಟಿ, ಯಾಕೆಂದರೆ 'ಹಾಗೆ ಹೇಳಿಯೇ ಇಲ್ಲ' ಎನ್ನಲು ಬರುವುದಿಲ್ಲ.

'ಎಲ್ಲ ರಾಜ್ಯಗಳನ್ನೂ ಜೊತೆಗೆ' ಎಂಬ ಗುಣ ನೋಡುವುದು ಕೇಂದ್ರ, ರಾಜ್ಯಗಳು ಸೇರಿ ತೆರಿಗೆ ತೀರ್ಮಾನಿಸುವ ಜಿಎಸ್‌ಟಿ ಮಂಡಳಿಯಲ್ಲಿ. ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು, ನಿರ್ಣಯಕ್ಕೆ ನಾಲ್ಕನೇ ಮೂರು ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗದು, ಕೇಂದ್ರ ಒಂದೇ ಏನೂ ಮಾಡಲಾರದು. ಮೊದಲ ಬಾರಿ ಮತಕ್ಕೆ ಹೋದದ್ದು 2019ರ ಡಿಸೆಂಬರ್‌ನಲ್ಲಿ, ಲಾಟರಿ ತೆರಿಗೆಗೆ. ಅಲ್ಲಿಯತನಕ ಮಾತುಕತೆಯಲ್ಲೇ ನಡೆದಿತ್ತು. ಇನ್ನೊಂದು ಕಡೆ ಅಂತರರಾಜ್ಯ ಮಂಡಳಿ ಇದೆ, 1990ರಲ್ಲಿ ರಚನೆಯಾದದ್ದು, ಪ್ರಧಾನಿಯೇ ಅಧ್ಯಕ್ಷರು. ಅದರ 10ನೇ ಸಭೆ 2006ರ ಡಿಸೆಂಬರ್‌ನಲ್ಲಿ, 11ನೆಯದು 2016ರ ಜುಲೈನಲ್ಲಿ. ಆ ಹತ್ತು ವರ್ಷದಲ್ಲಿ ಎರಡು ಬೇರೆ ಬೇರೆ ಮೈತ್ರಿಕೂಟಗಳ ಸರ್ಕಾರ ಇದ್ದವು, ಹಾಗಾಗಿ ಯಾರೂ ಬೀಗುವಂತಿಲ್ಲ.

ಕರ್ನಾಟಕದವರಿಗೆ ಇನ್ನೊಂದು ಅಂಕಿ: ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನಲ್ಲಿ ನಮ್ಮದು 14ನೇ ಹಣಕಾಸು ಆಯೋಗದಲ್ಲಿ 4.713%, 15ನೆಯದರಲ್ಲಿ 3.647%. ಈ ಸೂತ್ರ ಬರೆಯುವುದು ಆಯೋಗ, ಪ್ರಧಾನಿ ಅಲ್ಲ. ಆದರೆ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್‌ಚಾರ್ಜ್ ಈ ಹಂಚಿಕೆಯ ಗಂಟಿಗೆ ಸೇರುವುದಿಲ್ಲ, ಅವನ್ನು ಎಷ್ಟು ಹಾಕಬೇಕೆಂಬುದು ಕೇಂದ್ರ ಸರ್ಕಾರದ ತೀರ್ಮಾನ. ಟೀಕಿಸುವಾಗ ಇವೆರಡನ್ನು ಬೇರೆ ಮಾಡಿ.

ಬಯಲುನಾಡು

ಎಲ್ಲ ಸರಿ, ಆದರೆ ಬುಡದ ಮಾತೊಂದು ಹಾಳೆಯಲ್ಲಿ ಮೊದಲು ಬರಲಿ. ನಾವು ಪ್ರಧಾನಿಗೆ ಮತ ಹಾಕುವುದಿಲ್ಲ. 543ರಲ್ಲಿ ಒಬ್ಬರಿಗೆ ಹಾಕುತ್ತೇವೆ. ಕರ್ನಾಟಕದ ಪಾಲು 28, ಬಹುಮತಕ್ಕೆ ಬೇಕಾದ್ದು 272. 1996ರ ಚುನಾವಣೆಯಲ್ಲಿ ದೇವೇಗೌಡರ ಹೆಸರು ಪ್ರಧಾನಿ ಅಂತ ಯಾರ ಭಿತ್ತಿಪತ್ರದಲ್ಲೂ ಇರಲಿಲ್ಲ, ಜೂನ್‌ನಲ್ಲಿ ಪ್ರಮಾಣ ವಚನ ತೆಗೆದುಕೊಂಡಾಗ ಅವರು ಲೋಕಸಭಾ ಸದಸ್ಯರೂ ಅಲ್ಲ. ಆಮೇಲೆ ರಾಜ್ಯಸಭೆಗೆ ಹೋದರು, ಸಂವಿಧಾನ ಆರು ತಿಂಗಳ ಅವಕಾಶ ಕೊಡುತ್ತದೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಬಿದ್ದದ್ದು ಒಂದೇ ಮತದಲ್ಲಿ, 269ಕ್ಕೆ 270. ದೆಹಲಿಯ ಮುಖ ನೋಡಿ ಊರಿನ ಅಭ್ಯರ್ಥಿಯ ಅಫಿಡವಿಟ್ ತೆರೆಯದೆ ಇರುವವರಿಗೆ ಈ ಎರಡು ಸಾಲು ಸಾಕು.

ಇನ್ನು ಹೊಣೆ ಹೊರುವುದು. ಎಲ್ಲರೂ ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರು ಹೇಳುತ್ತಾರೆ, ಅರ್ಧ ಮಾತ್ರ ಹೇಳುತ್ತಾರೆ. 1956ರಲ್ಲಿ ಮೆಹಬೂಬನಗರದ ರೈಲು ದುರಂತವಾದಾಗಲೇ ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಅರಿಯಲೂರಿನದಾದ ಮೇಲೆ ಮತ್ತೆ ಕೊಟ್ಟರು, ಆಗ ಅಂಗೀಕಾರವಾಯಿತು. ರಾಜೀನಾಮೆ ಒಂದನ್ನೇ ಅಳತೆಗೋಲು ಮಾಡುವುದು ನನಗೆ ಒಪ್ಪಿಗೆ ಇಲ್ಲ, ಕೊಟ್ಟು ಕೈತೊಳೆದುಕೊಳ್ಳುವವರೂ ಇರುತ್ತಾರೆ. ದುರಂತದ ತನಿಖಾ ವರದಿ ಬಹಿರಂಗವಾಯಿತೇ, ಅದರ ಶಿಫಾರಸಿಗೆ ಮುಂದಿನ ಎರಡು ಬಜೆಟ್‌ನಲ್ಲಿ ಹಣ ಬಂತೇ, ಇದನ್ನು ನೋಡಿ.

ಓದುಕಟ್ಟೆ

ಎಲ್ಲರಿಗೂ ಧನ್ಯವಾದ, ಹಾಳೆ ಎರಡಾಗುವ ಲಕ್ಷಣ ಕಾಣುತ್ತಿದೆ. ಎರಡು ಅನುಮಾನ.

ಒಂದು, 'ಸಂಸದರ ನಿಧಿ ಪೂರ್ತಿ ಖರ್ಚು ಮಾಡಿಲ್ಲ' ಎಂಬುದನ್ನು ಅದಕ್ಷತೆಗೆ ಗುರುತು ಅಂತ ಹಾಕಬಹುದೇ?

ಎರಡು, ಪ್ರಕರಣಗಳ ಸಾಲಿಗೆ ಸುಲಭದ ಸೂತ್ರ ಹೀಗೆ ಬರೆದಿದ್ದೇನೆ: '302 ಕಂಡರೆ ಕೊಲೆ, 420 ಕಂಡರೆ ವಂಚನೆ, ಈ ಎರಡಿದ್ದರೆ ಎಚ್ಚರ.' ಸರಿ ಇದೆಯೇ?

ಮೂರನೇ ಸಾಲು

ಮೊದಲನೆಯದಕ್ಕೆ: ಹುಷಾರಾಗಿ ಹಾಕಿ. ವರ್ಷಕ್ಕೆ 5 ಕೋಟಿ, ಆದರೆ ಸಂಸದರ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಅವರು ಕಾಮಗಾರಿ ಶಿಫಾರಸು ಮಾಡುತ್ತಾರೆ, ಮಂಜೂರು ಮಾಡಿ ಮಾಡಿಸುವುದು ಜಿಲ್ಲಾಡಳಿತ. ಉಳಿದ ಹಣ ಮುಂದಿನ ವರ್ಷಕ್ಕೆ ಹೋಗುತ್ತದೆ, ರದ್ದಾಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ನಿಧಿಯನ್ನೇ ನಿಲ್ಲಿಸಿ, 2021ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿದ್ದರು. ಆ ಅವಧಿ ಸೇರಿಸಿ ಹೋಲಿಸಿದರೆ ಎಲ್ಲರೂ ಸೋಮಾರಿಗಳಾಗಿ ಕಾಣುತ್ತಾರೆ. ಖರ್ಚಿನ ಶೇಕಡಾವಾರು ಬಿಡಿ, ಶಿಫಾರಸಿನ ಪಟ್ಟಿ ನೋಡಿ: ಎಷ್ಟು ಬೇಗ ಕಳಿಸಿದರು, ಯಾವ ಊರುಗಳಿಗೆ, ಪರಿಶಿಷ್ಟ ಜಾತಿಯವರು ಇರುವ ಪ್ರದೇಶಕ್ಕೆ 15% ಮತ್ತು ಪರಿಶಿಷ್ಟ ಪಂಗಡದವರು ಇರುವ ಪ್ರದೇಶಕ್ಕೆ 7.5% ಹೋಯಿತೇ, ಅಥವಾ ಎಲ್ಲವೂ ಸಮುದಾಯ ಭವನವೇ.

ಕಡತದ ಹುಳು

ಎರಡನೆಯದನ್ನು ಹಾಗೇ ಅಚ್ಚು ಹಾಕಬೇಡಿ, ಯಾರದಾದರೂ ಮಾನ ಹೋದೀತು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯಾದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ನಂಬರ್‌ಗಳೆಲ್ಲ ಬದಲು. ಐಪಿಸಿಯಲ್ಲಿ 302 ಕೊಲೆಗೆ ಶಿಕ್ಷೆ. ನ್ಯಾಯ ಸಂಹಿತೆಯಲ್ಲಿ ಅದು 103, ಅಲ್ಲಿನ 302 ಅಂದರೆ ಧಾರ್ಮಿಕ ಭಾವನೆ ನೋಯಿಸುವ ಉದ್ದೇಶದಿಂದ ಆಡಿದ ಮಾತು. 420 ಈಗ 318ರ ನಾಲ್ಕನೇ ಉಪಕಲಂ. ನ್ಯಾಯ ಸಂಹಿತೆಯಲ್ಲಿ 420 ಎಂಬ ಸೆಕ್ಷನ್ನೇ ಇಲ್ಲ, ಒಟ್ಟು ಇರುವುದೇ 358.

ಮುಂದಿನ ಚುನಾವಣೆಯ ಅಫಿಡವಿಟ್‌ಗಳಲ್ಲಿ ಹಳೆಯ ಪ್ರಕರಣ ಐಪಿಸಿ ನಂಬರಿನಲ್ಲೂ ಹೊಸದು ಹೊಸ ನಂಬರಿನಲ್ಲೂ ಒಂದೇ ಪುಟದಲ್ಲಿ ಬರುತ್ತವೆ. ನಿಮ್ಮ ಸೂತ್ರದ ಬದಲು ಹೀಗೆ ಬರೆಯಿರಿ: 'ಸೆಕ್ಷನ್ ನಂಬರ್ ಜೊತೆ ಕಾಯ್ದೆಯ ಹೆಸರು ಓದಿ, ಪಕ್ಕದ ಕಲಂನಲ್ಲಿ ಅಪರಾಧದ ಸಂಕ್ಷಿಪ್ತ ವಿವರ ಇರುತ್ತದೆ, ಅದನ್ನೂ ಓದಿ.' ಸ್ಕ್ಯಾನ್ ಮಸುಕಾಗಿದ್ದು ಓದಲು ಆಗದಿದ್ದರೆ ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲಿ ಪ್ರತಿ ಹಾಕಿರುತ್ತಾರೆ, ಅಲ್ಲಿ ಹೋಗಿ ನೋಡಬಹುದು.